ಆಪರೇಷನ್‌ಗೆ ಮುಂಚೆ ಖಾಲಿ ಹೊಟ್ಟೆ: ಎಷ್ಟು ಹೊತ್ತು, ಯಾಕೆ?

ಭಟ್ಕಳ, ಹೊನ್ನಾವರ, ಕುಮಟಾ ಕಡೆಯವರಿಗೆ ಇದು ಗೊತ್ತಿರೋದೇ. ದೊಡ್ಡ ಆಸ್ಪತ್ರೆ ಅಂದ್ರೆ ಮಣಿಪಾಲಕ್ಕೋ ಮಂಗಳೂರಿಗೋ ಹೋಗಬೇಕು. ಅಮ್ಮ ರಾತ್ರಿ ಎಂಟಕ್ಕೆ ಗಂಜಿ ಉಂಡು ಮಲಗ್ತಾರೆ. ನಸುಕಿಗೇ ಕಾರು ಹೊರಡುತ್ತೆ, ಗುಟುಕು ನೀರೂ ಇಲ್ಲ. ಥಿಯೇಟರ್ ಒಳಗೆ ಹೋಗೋದು ಮಧ್ಯಾಹ್ನ ಹನ್ನೆರಡಕ್ಕೆ. ಅಲ್ಲಿಗೆ 16 ಗಂಟೆ ಉಪವಾಸ. ಇಷ್ಟು ಬೇಕಿತ್ತಾ?

ಮೊದಲು ಕಾರಣ ನೋಡೋಣ. ಅರಿವಳಿಕೆ ಕೊಟ್ಟಾಗ ಕೆಮ್ಮೋ ಶಕ್ತಿ ಹೋಗುತ್ತೆ. ಹೊಟ್ಟೆಯಲ್ಲಿದ್ದದ್ದು ಮೇಲೆ ಬಂದು ಶ್ವಾಸಕೋಶಕ್ಕೆ ಇಳಿದರೆ ಜೀವಕ್ಕೇ ಅಪಾಯ. ಅಮೆರಿಕದ ವೈದ್ಯ ಕರ್ಟಿಸ್ ಮೆಂಡೆಲ್ಸನ್ 1946ರಲ್ಲೇ ಹೆರಿಗೆ ಸಮಯದ ಇಂಥ ಪ್ರಕರಣಗಳನ್ನು ದಾಖಲಿಸಿದ್ದರು.

ಆದರೆ ಹೊಟ್ಟೆ ಎಲ್ಲವನ್ನೂ ಒಂದೇ ವೇಗದಲ್ಲಿ ಖಾಲಿ ಮಾಡಲ್ಲ. ಅಮೆರಿಕದ ಅರಿವಳಿಕೆ ತಜ್ಞರ ಸಂಘದ ಲೆಕ್ಕ ಹೀಗಿದೆ: ಕರಿದದ್ದು, ಮಾಂಸ ತಿಂದರೆ 8 ಗಂಟೆ ಅಥವಾ ಹೆಚ್ಚು ಬಿಡಬೇಕು. ಲಘು ಆಹಾರ, ಹಾಲಿಗೆ 6. ಮಗುವಿನ ಎದೆಹಾಲಿಗೆ 4. ನೀರು, ಹಾಲಿಲ್ಲದ ಚಾಕ್ಕೆ 2 ಗಂಟೆ. ಗಂಜಿ, ಹಾಲು ಹಾಕಿದ ಚಾ ನೀರಿನ ಲೆಕ್ಕಕ್ಕೆ ಬರಲ್ಲ, ನೆನಪಿರಲಿ.

ಹಸಿದಾಗ ದೇಹದೊಳಗೆ ಏನಾಗುತ್ತೆ? ಇನ್ಸುಲಿನ್ ಇಳಿಯುತ್ತೆ, ಗ್ಲುಕಗಾನ್ ಏರುತ್ತೆ. ಲಿವರ್ ಕೂಡಿಟ್ಟ ಗ್ಲೈಕೋಜನ್ ಒಡೆದು ರಕ್ತಕ್ಕೆ ಸಕ್ಕರೆ ಬಿಡುತ್ತೆ. ಅದು ಕರಗಿದ ಹಾಗೆ ಕೊಬ್ಬು, ಸ್ನಾಯುವಿನ ಪ್ರೋಟೀನ್ ಹೆಚ್ಚೆಚ್ಚು ಬಳಕೆಯಾಗುತ್ತೆ. ರೋಜಾ, ಏಕಾದಶಿ ಮಾಡೋ ಆರೋಗ್ಯವಂತರು ಇದನ್ನು ತಡೆದುಕೊಳ್ತಾರೆ. ಆಪರೇಷನ್‌ನಲ್ಲಿ ಮಾತ್ರ ಹಸಿವಿನ ಮೇಲೆ ಗಾಯದ ಒತ್ತಡವೂ ಸೇರುತ್ತೆ. ಕಾರ್ಟಿಸಾಲ್, ಅಡ್ರಿನಲಿನ್ ಏರುತ್ತವೆ, ಇನ್ಸುಲಿನ್ ಸರಿಯಾಗಿ ಕೆಲಸ ಮಾಡಲ್ಲ. ಏನೂ ತಿನ್ನದಿದ್ದರೂ ಶುಗರ್ ಏರುತ್ತೆ. ತುಂಬಾ ಏರಿದರೆ ಗಾಯಕ್ಕೆ ಸೋಂಕು ತಗಲೋ ಅಪಾಯ ಜಾಸ್ತಿ. ಅದಕ್ಕೇ ಕೆಲವು ಆಸ್ಪತ್ರೆಗಳಲ್ಲಿ ಆಯ್ದ ರೋಗಿಗಳಿಗೆ 2 ಗಂಟೆ ಮುಂಚೆ ಕಾರ್ಬೋಹೈಡ್ರೇಟ್ ಪಾನೀಯ ಕೊಡ್ತಾರೆ.

ಶುಗರ್ ಇರೋರಿಗೆ ಉಲ್ಟಾ ಅಪಾಯವೂ ಇದೆ. ಊಟ ಬಿಟ್ಟು ಇನ್ಸುಲಿನ್ ಮಾತ್ರ ಎಂದಿನಂತೆ ತಗೊಂಡ್ರೆ ದಾರಿಯಲ್ಲೇ ಶುಗರ್ ಕುಸಿಯಬಹುದು. ಬೆವರು, ಕೈ ನಡುಕ, ತಡವರಿಸೋ ಮಾತು ಕಂಡರೆ, ಎಚ್ಚರ ಇದ್ದು ನುಂಗೋಕೆ ಆಗುತ್ತೆ ಅಂದ್ರೆ, ಸಕ್ಕರೆ ನೀರು ಕುಡಿಸಿ. ಕೂಡಲೇ ಆಸ್ಪತ್ರೆಗೆ ಫೋನ್ ಮಾಡಿ. ಆಪರೇಷನ್ ತಡವಾದರೂ ಚಿಂತೆ ಇಲ್ಲ, ಜೀವ ಮುಖ್ಯ.

ಹಿಂದಿನ ದಿನವೇ ಮೂರು ಪ್ರಶ್ನೆ ಕೇಳಿ: ಆಪರೇಷನ್ ಎಷ್ಟು ಗಂಟೆಗೆ? ನೀರು ಎಷ್ಟು ಗಂಟೆವರೆಗೆ ಕುಡಿಯಬಹುದು? ಶುಗರ್, ಬಿಪಿ ಮಾತ್ರೆ ಏನು ಮಾಡಬೇಕು? ಕೆಲವರ ಹೊಟ್ಟೆ ನಿಧಾನಕ್ಕೆ ಖಾಲಿಯಾಗುತ್ತೆ. ಹಾಗಾಗಿ ನಿಮ್ಮ ಡಾಕ್ಟರ್ ಹೇಳಿದ್ದೇ ಕೊನೆ. ಮರೆತು ಏನಾದ್ರೂ ತಿಂದಿದ್ರೆ ಬಚ್ಚಿಡಬೇಡಿ, ಹೇಳಿಬಿಡಿ.