ಕಲ್ಲಿಗೆ ಆರು ಮೈ ಬಂದ ಬಗೆ

ಬೈಂದೂರಿನ ಒತ್ತಿನೆಣೆಯ ಗುಡ್ಡವನ್ನೂ, ಹೆದ್ದಾರಿಯ ಒಂದು ಮಗ್ಗುಲಲ್ಲಿ ಸೌಪರ್ಣಿಕಾ ನದಿ, ಇನ್ನೊಂದರಲ್ಲಿ ಸಮುದ್ರವಿರುವ ಮರವಂತೆಯನ್ನೂ ನಮ್ಮ ಕಡೆಯ ವಿದ್ಯಾರ್ಥಿಗಳೆಲ್ಲರೂ ಬಲ್ಲರು. ಕುಂದಾಪುರದಿಂದ ದಕ್ಷಿಣಕ್ಕೆ ಬ್ರಹ್ಮಾವರವನ್ನು ದಾಟಿ, ಉಡುಪಿಯ ಮೂಲಕ ಮಲ್ಪೆಗೆ ಹೋಗಿ, ದೋಣಿಯಲ್ಲಿ ಸುಮಾರು 6 ಕಿಲೋಮೀಟರು ಸಾಗಿದರೆ ಇವೆರಡಕ್ಕಿಂತಲೂ ವಿಸ್ಮಯಕರವಾದ ನೋಟವೊಂದು ದೊರೆಯುತ್ತದೆ. ಅದೇ ಸೇಂಟ್ ಮೇರಿ ದ್ವೀಪಸಮೂಹ. 1498ರಲ್ಲಿ ವಾಸ್ಕೊ ಡ ಗಾಮನು ಇಲ್ಲಿಳಿದು ಈ ಹೆಸರಿಟ್ಟನೆಂದು ಪ್ರತೀತಿ. ಇಲ್ಲಿನ ತೆಂಗಿನ ದ್ವೀಪದ ಅಂಚಿನಲ್ಲಿ ಬಡಗಿಯು ಕೆತ್ತಿ ನಿಲ್ಲಿಸಿದಂತಹ ಶಿಲಾಸ್ತಂಭಗಳು ಒತ್ತೊತ್ತಾಗಿ ನಿಂತಿವೆ. ಕೆಲವಕ್ಕೆ ಐದು ಮೈ, ಕೆಲವಕ್ಕೆ ಏಳು. ಆರು ಮೈಯುಳ್ಳವೂ ಬಹಳ.

ಕೆಲವು ವರ್ಷಗಳ ಹಿಂದೆ ನಮ್ಮ ವಿದ್ಯಾರ್ಥಿಗಳೊಡನೆ ಅಲ್ಲಿಗೆ ಹೋಗಿದ್ದಾಗ ಒಬ್ಬನು, “ಸಾರ್, ಇವನ್ನು ಕಡೆದವರು ಯಾರು?” ಎಂದು ಕೇಳಿದನು. ಇದು ಲಾವಾರಸದಿಂದಾದ ಕಲ್ಲೆಂದು ಹೇಳಿದೆನು. ಒಡನೆಯೇ ಇನ್ನೊಬ್ಬಳು, “ಹಾಗಾದರೆ ಜ್ವಾಲಾಮುಖಿಯ ಬಾಯಿ ಎಲ್ಲಿ?” ಎಂದಳು. ಎರಡೂ ಯೋಗ್ಯವಾದ ಪ್ರಶ್ನೆಗಳೇ.

ಎರಡನೆಯದನ್ನು ಮೊದಲು ನೋಡೋಣ. ಈ ದ್ವೀಪವು ಕಡಲಿನಿಂದ ಮೇಲೆದ್ದ ಅಗ್ನಿಪರ್ವತವಲ್ಲ. ಸುಮಾರು 9 ಕೋಟಿ ವರ್ಷಗಳ ಹಿಂದೆ, ಭಾರತವೂ ಮಡಗಾಸ್ಕರವೂ ಒಂದಕ್ಕೊಂದು ಅಂಟಿಕೊಂಡಿದ್ದ ಕಾಲದಲ್ಲಿ, ನಾವೀಗ ದೋಣಿಯಲ್ಲಿ ದಾಟುವ ಈ ಸಮುದ್ರವೇ ಇಲ್ಲಿರಲಿಲ್ಲ. ಆ ಭೂಭಾಗವು ಸೀಳತೊಡಗಿದಾಗ ಒಳಗಿನ ಶಿಲಾರಸವು ಹೊರಹರಿಯಿತು. ಅದರ ಒಂದು ತುಣುಕೇ ಈ ದ್ವೀಪಗಳು. ಮಡಗಾಸ್ಕರದಲ್ಲಿಯೂ ಹೆಚ್ಚುಕಡಿಮೆ ಅದೇ ವಯಸ್ಸಿನ ಲಾವಾಶಿಲೆಗಳಿವೆ. ಉತ್ತರ ಕರ್ನಾಟಕದ ಕಪ್ಪು ಬಸಾಲ್ಟ್ ಶಿಲೆಯು ಇದಕ್ಕಿಂತ ಎರಡು ಕೋಟಿ ವರ್ಷಗಳಿಗೂ ಹೆಚ್ಚು ಕಿರಿಯದು. ಅದರಲ್ಲಿ ಸಿಲಿಕದ ಅಂಶವೂ ಕಡಿಮೆ.

ಇನ್ನು ಕಡೆದವರು ಯಾರೆಂಬ ಪ್ರಶ್ನೆ. ಬೇಸಗೆಯಲ್ಲಿ ನೀರಾರಿದ ಗದ್ದೆಯನ್ನು ನೆನೆಯಿರಿ. ಮಣ್ಣು ಒಣಗಿ ಕುಗ್ಗುತ್ತದೆ, ಬಿರುಕು ಬಿಡುತ್ತದೆ. ಲಾವಾರಸವು ಹೆಪ್ಪುಗಟ್ಟಿ ತಣಿಯುವಾಗಲೂ ಹೀಗೆಯೇ ಕುಗ್ಗುತ್ತದೆ. ಆದರೆ ಸುತ್ತಲಿನ ಕಲ್ಲು ಅದನ್ನು ಹಿಡಿದಿರುವುದರಿಂದ ಎಲ್ಲ ದಿಕ್ಕಿನಲ್ಲಿಯೂ ಸೆಳೆತವುಂಟಾಗಿ, ತಾಳಲಾರದೆ ಕಲ್ಲು ಸೀಳುತ್ತದೆ.

ಸೀಳಿದಾಗ ಆರು ಮೈಯೇ ಏಕೆ? ಬಿರುಕು ಬಿಡಲು ಶಕ್ತಿ ವೆಚ್ಚವಾಗುತ್ತದೆ. ಬಿರುಕಿನ ಉದ್ದ ಕಡಿಮೆಯಾದಷ್ಟೂ ವೆಚ್ಚ ಕಡಿಮೆ. ಒಂದೇ ಅಳತೆಯ ಸಮಭುಜ ಆಕೃತಿಗಳಿಂದ ನೆಲವನ್ನು ಸಂದಿಲ್ಲದೆ ಹಾಸಲು ತ್ರಿಕೋನ, ಚೌಕ, ಷಡ್ಭುಜ ಇವು ಮೂರೇ ತಕ್ಕವು. 100 ಚದರ ಸೆಂಟಿಮೀಟರು ಕ್ಷೇತ್ರಫಲಕ್ಕೆ ತ್ರಿಕೋನದ ಸುತ್ತಳತೆ ಸುಮಾರು 45.6 ಸೆಂಟಿಮೀಟರು, ಚೌಕದ್ದು 40, ಷಡ್ಭುಜದ್ದು 37.2 ಮಾತ್ರ. ವಾಚಕರು ಲೆಕ್ಕ ಮಾಡಿ ನೋಡಬಹುದು. ಮೊದಲ ಬಿರುಕುಗಳು ಅಡ್ಡಾದಿಡ್ಡಿಯಾಗಿದ್ದು, ಅನೇಕ ಕಡೆ ಲಂಬಕೋನದಲ್ಲಿ ಸಂಧಿಸುತ್ತವೆ. ಅವು ತಣಿವಿನೊಡನೆ ಹಂತಹಂತವಾಗಿ ಒಳಕ್ಕಿಳಿದಂತೆ ತಿದ್ದಿಕೊಂಡು 120 ಡಿಗ್ರಿಯ ಕಡೆಗೆ ಸಾಗುತ್ತವೆ. ಗದ್ದೆಯ ಬಿರುಕು ಅಷ್ಟು ಆಳಕ್ಕಿಳಿಯದ ಕಾರಣ ಆ ಅಂದವು ಅದಕ್ಕೆ ಬರುವುದಿಲ್ಲ. ಬಿರುಕು ತಣಿಯುವ ಮೈಗೆ ಲಂಬವಾಗಿ ಸಾಗುವುದರಿಂದ, ಲಾವಾಹಾಸು ಮಟ್ಟಸವಾಗಿದ್ದಲ್ಲಿ ಸ್ತಂಭಗಳು ನೆಟ್ಟಗೆ ನಿಲ್ಲುತ್ತವೆ. ನಿಧಾನವಾಗಿ ತಣಿದಲ್ಲಿ ಸ್ತಂಭ ದಪ್ಪ, ಬೇಗನೆ ತಣಿದಲ್ಲಿ ತೆಳು.

ಇದನ್ನು ಮನೆಯಲ್ಲಿಯೇ ಪರೀಕ್ಷಿಸಬಹುದು. ಅಂಗಡಿಯಲ್ಲಿ ಸಿಗುವ ಕಾರ್ನ್‌ಫ್ಲೋರ್ ಹಿಟ್ಟನ್ನು ಸಮಪ್ರಮಾಣದ ನೀರಿನಲ್ಲಿ ಕಲಸಿ, ಬಟ್ಟಲಿನಲ್ಲಿ ಹಾಕಿ, ದೀಪದ ಶಾಖದಡಿ ಕೆಲವು ದಿನ ಒಣಗಲು ಬಿಡಿರಿ. ಬಳಿಕ ಮೆಲ್ಲನೆ ಮುರಿದರೆ ಒಳಗೆ ಕಡ್ಡಿಗಳಂತಹ ಪುಟ್ಟ ಸ್ತಂಭಗಳು ಕಂಡಾವು. ಅಲ್ಲಿ ತಣಿವು ಮಾಡಿದ್ದನ್ನು ಇಲ್ಲಿ ಒಣಗುವಿಕೆ ಮಾಡುತ್ತದೆ.

ಈ ದ್ವೀಪವನ್ನು ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣ ಸಂಸ್ಥೆಯು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೆಂದು ಘೋಷಿಸಿದೆ. ಮಳೆಗಾಲದಲ್ಲಿ ದೋಣಿಗಳು ಹೋಗವು. ಬೇರೆ ಋತುವಿನಲ್ಲಿಯೂ ಅಲೆ ತಾಗುವ ಬಂಡೆಗಳು ಜಾರುತ್ತವೆ, ಎಚ್ಚರವಿರಲಿ. ಬಟ್ಟಲಿನ ಹಿಟ್ಟು ಮುರಿದರೆ ಮತ್ತೆ ಕಲಸಬಹುದು. ಆ ಸ್ತಂಭಗಳನ್ನು ಮತ್ತೆ ಎರೆಯುವ ಲಾವಾರಸ ಅಲ್ಲಿಲ್ಲ. ಆದುದರಿಂದ ಅಲ್ಲಿಗೆ ಹೋದವರು ಕೋನಮಾಪಕವನ್ನು ಒಯ್ಯಲಿ, ಹೆಸರು ಕೊರೆಯುವ ಮೊಳೆಯನ್ನಲ್ಲ.