ನಕಾಟಾ: ಇಪ್ಪತ್ತೊಂಬತ್ತಕ್ಕೇ ಬೂಟು ಬಿಚ್ಚಿದ ಜಪಾನೀ ತಾರೆ

2006ರ ಜೂನ್ 22. ಜರ್ಮನಿಯ ಡಾರ್ಟ್‌ಮಂಡ್ ಕ್ರೀಡಾಂಗಣ. ವಿಶ್ವಕಪ್ ಪಂದ್ಯದಲ್ಲಿ ಬ್ರೆಜಿಲ್ ಎದುರು ಜಪಾನ್ 1–4ರಿಂದ ಸೋತಿತ್ತು. ಪಂದ್ಯ ಮುಗಿದ ಮೇಲೂ ಒಬ್ಬ ಆಟಗಾರ ಮೈದಾನದ ನಡುವೆ ಅಂಗಾತ ಮಲಗಿದ್ದ. ಬಹಳ ಹೊತ್ತು ಏಳಲೇ ಇಲ್ಲ. ಕಾರಣ ಜಗತ್ತಿಗೆ ತಿಳಿದದ್ದು ಹನ್ನೊಂದು ದಿನಗಳ ನಂತರ. ಮಿಡ್‌ಫೀಲ್ಡರ್ ಹಿಡೆತೊಶಿ ನಕಾಟಾ ಫುಟ್‌ಬಾಲ್‌ಗೆ ವಿದಾಯ ಹೇಳಿದ್ದ. ವಯಸ್ಸು ಬರೀ 29!

ಯಮನಾಶಿ ಪ್ರಾಂತ್ಯದ ಕೋಫು ಪಟ್ಟಣದಲ್ಲಿ 1977ರಲ್ಲಿ ಹುಟ್ಟಿದ ನಕಾಟಾ, ಬೆಲ್‌ಮಾರೆ ಹಿರಾತ್ಸುಕಾ ಕ್ಲಬ್ ಸೇರಿದ್ದು 1995ರಲ್ಲಿ. ಆಗ ಜಪಾನಿನ ವೃತ್ತಿಪರ ಲೀಗ್ ಎರಡು ವರ್ಷದ ಕೂಸು. ದೇಶ ಒಮ್ಮೆಯೂ ವಿಶ್ವಕಪ್ ಆಡಿರಲಿಲ್ಲ. ಆ ಬಾಗಿಲು ತೆರೆದದ್ದು 1997ರ ನವೆಂಬರ್‌ನಲ್ಲಿ, ಮಲೇಷ್ಯಾದ ಜೊಹೊರ್ ಬಾರುವಿನಲ್ಲಿ. ಇರಾನ್ ವಿರುದ್ಧ ಜಪಾನ್ 3–2ರಿಂದ ಗೆದ್ದಿತು. ಮೂರೂ ಗೋಲುಗಳ ಹಿಂದೆ ಇದ್ದದ್ದು ನಕಾಟಾನ ಕಾಲ್ಚಳಕ. ಆ ವರ್ಷವೂ ಮರುವರ್ಷವೂ ಏಷ್ಯಾದ ಶ್ರೇಷ್ಠ ಆಟಗಾರ ಪ್ರಶಸ್ತಿ ಆತನಿಗೇ ಬಂತು.

1998ರಲ್ಲಿ ಇಟಲಿಯ ಪೆರುಜಿಯಾ ಕ್ಲಬ್ ಆತನನ್ನು ಕರೆಸಿಕೊಂಡಾಗ ಮೂಗು ಮುರಿದವರೇ ಹೆಚ್ಚು. ನಾಲ್ಕು ವರ್ಷ ಹಿಂದೆ ಅಲ್ಲಿಗೆ ಹೋಗಿದ್ದ ಕಜುಯೋಶಿ ಮಿಯುರಾ ಒಂದು ಋತು ಆಡಿ, ಒಂದೇ ಗೋಲು ಗಳಿಸಿ ಮರಳಿದ್ದ. ಇವನೂ ಜೆರ್ಸಿ ಮಾರಲು ಬಂದವನಿರಬೇಕು ಎಂಬ ಅನುಮಾನ. ಮೊದಲ ಪಂದ್ಯದಲ್ಲೇ ಬಲಿಷ್ಠ ಯುವೆಂಟಸ್ ವಿರುದ್ಧ ಎರಡು ಗೋಲು ಹೊಡೆದು ನಕಾಟಾ ಉತ್ತರ ಕೊಟ್ಟ. ಆ ಋತುವಿನ ಲೀಗ್ ಗೋಲುಗಳು ಹತ್ತು. ಜೆರ್ಸಿಗಳೂ ಮಾರಾಟವಾದವು! ಸಣ್ಣ ಊರಾದ ಪೆರುಜಿಯಾಕ್ಕೆ ಜಪಾನೀ ಪ್ರವಾಸಿಗಳು ತಂಡೋಪತಂಡವಾಗಿ ಬಂದರು.

ರೋಮಾ ತಂಡಕ್ಕೆ ಹೋದಾಗ ಕಂಡದ್ದು ಬೇರೆಯೇ ಪರೀಕ್ಷೆ. ಆತನ ಜಾಗದಲ್ಲಿ ಜನಪ್ರಿಯ ಟೊಟ್ಟಿ ಇದ್ದ. ಬೆಂಚಿನ ಮೇಲೆ ಕಾಯುವುದೇ ಕೆಲಸ. 2001ರ ಮೇ 6ರಂದು ಟ್ಯೂರಿನ್‌ನಲ್ಲಿ ಯುವೆಂಟಸ್ ವಿರುದ್ಧ ತಂಡ 0–2ರಿಂದ ಹಿಂದಿದ್ದಾಗ ಟೊಟ್ಟಿಯ ಬದಲು ನಕಾಟಾ ಒಳಬಂದ. ದೂರದಿಂದ ಬಾರಿಸಿದ ಚೆಂಡು ಬಲೆ ಸೇರಿತು. ಕೊನೆಗಳಿಗೆಯಲ್ಲಿ ಆತ ಹೊಡೆದ ಇನ್ನೊಂದು ಚೆಂಡು ಗೋಲಿಯ ಕೈಯಿಂದ ಚಿಮ್ಮಿದಾಗ ಮೊಂಟೆಲ್ಲಾ ಅದನ್ನು ಒಳಗಟ್ಟಿದ. ಪಂದ್ಯ 2–2ರ ಸಮ. ರೋಮಾ ಆ ವರ್ಷ ಲೀಗ್ ಗೆದ್ದದ್ದು ಯುವೆಂಟಸ್‌ಗಿಂತ ಎರಡೇ ಅಂಕ ಮುಂದಿದ್ದು.

ಬಳಿಕ ಪಾರ್ಮಾ ಕ್ಲಬ್ ಏಷ್ಯಾದ ಆಟಗಾರನೊಬ್ಬನಿಗೆ ಅದುವರೆಗೆ ಯಾರೂ ತೆರದಷ್ಟು ಹಣ ತೆತ್ತಿತು. ಮುಂದೆ ಬೊಲೋನ್ಯಾ, ಫಿಯೊರೆಂಟಿನಾ, ಇಂಗ್ಲೆಂಡಿನ ಬೋಲ್ಟನ್.

ಹೋದಲ್ಲೆಲ್ಲ ಕ್ಯಾಮೆರಾಗಳು ಬೆನ್ನು ಹತ್ತಿದವು. ಪತ್ರಕರ್ತರೊಡನೆ ಆತ ಮಿತಭಾಷಿ. ಅಭಿಮಾನಿಗಳಿಗೆ ಹೇಳುವುದನ್ನು ತನ್ನದೇ ಅಂತರ್ಜಾಲ ತಾಣದಲ್ಲಿ ಬರೆಯುತ್ತಿದ್ದ. ವಿದಾಯವನ್ನೂ ಅಲ್ಲಿಯೇ ಬರೆದ. ಆಟ ದೊಡ್ಡ ವ್ಯಾಪಾರವಾಗಿ, ಆಡುವ ಖುಷಿ ಕುಂದಿತು ಎಂಬುದು ಮುಂದೆ ಆತ ಕೊಟ್ಟ ಕಾರಣ.

ನಂತರ ನಕಾಟಾ ದೇಶದೇಶ ಸುತ್ತಿದ. ತನ್ನ ನಾಡಿನ 47 ಪ್ರಾಂತ್ಯಗಳನ್ನೂ ಸುತ್ತಿ, ಕುಶಲಕರ್ಮಿಗಳನ್ನೂ, ಅಕ್ಕಿಮದ್ಯ 'ಸಾಕೆ' ತಯಾರಿಸುವವರನ್ನೂ ಕಂಡ. ಅವರ ಸರಕನ್ನು ಜಗತ್ತಿಗೆ ಪರಿಚಯಿಸುವುದನ್ನೇ ಕಸುಬಾಗಿಸಿಕೊಂಡ.

ದೇಶಕ್ಕಾಗಿ ಆತ ಆಡಿದ್ದು 77 ಪಂದ್ಯ, ಗಳಿಸಿದ್ದು 11 ಗೋಲು. ಅಂಕಿಗಳು ದೊಡ್ಡವಲ್ಲ. ಆದರೆ ಆತನ ನಂತರ ಯುರೋಪಿಗೆ ಹೋದ ಜಪಾನೀ ಹುಡುಗರನ್ನು 'ಜೆರ್ಸಿ ಮಾರಲು ಬಂದವರು' ಎಂದು ಹಂಗಿಸುವುದು ಅಷ್ಟು ಸುಲಭವಾಗಿರಲಿಲ್ಲ.