ಎರಡು ‘ಎರಡು’ಗಳ ಗೊಂದಲ: ಕೆಮಿಸ್ಟ್ರಿ ಪಾಠಕ್ಕೆ ಡಿಸೈನ್ ಥಿಂಕಿಂಗ್

ಇವತ್ತಿನ ವಿಷಯ ಕೆಮಿಸ್ಟ್ರಿ. ಸ್ಕಿಪ್ ಮಾಡ್ಬೇಡಿ, ಮಾತಾಡ್ತಿರೋ ನಾನೂ ಕಾಮರ್ಸ್ ಓದಿದವನೇ.

‘ಡಿಸೈನ್ ಥಿಂಕಿಂಗ್’ ಅಂದ ಕೂಡಲೇ ಕಂಪನಿ ವರ್ಕ್‌ಶಾಪ್, ಗೋಡೆ ತುಂಬ ಹಳದಿ ಚೀಟಿ ನೆನಪಾಗುತ್ತೆ. ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಡಿ.ಸ್ಕೂಲ್ ಇದನ್ನು ಐದು ಹಂತಗಳಲ್ಲಿ ವಿವರಿಸಿತು: ಬಳಸುವವರ ಕಷ್ಟ ಅರಿಯೋದು, ಅಸಲಿ ಸಮಸ್ಯೆ ಗುರುತಿಸೋದು, ಉಪಾಯ ಹುಡುಕೋದು, ಅಗ್ಗದಲ್ಲೊಂದು ಮಾದರಿ ಮಾಡೋದು, ಅದನ್ನು ಪರೀಕ್ಷಿಸೋದು. ಶಾಲೆಗಳಲ್ಲಿ ಸುಮಾರು ಸಲ ನೇರ ನಾಲ್ಕಕ್ಕೆ ಜಿಗೀತಾರೆ. ಥರ್ಮೋಕೋಲ್ ಮಾಡೆಲ್, ವಿನೆಗರ್-ಸೋಡಾ ಜ್ವಾಲಾಮುಖಿ. ಚಪ್ಪಾಳೆ ಬೀಳುತ್ತೆ, ಪಾಠ ಇದ್ದಲ್ಲೇ ಇರುತ್ತೆ. ನನ್ನ ಪ್ರಕಾರ ಕೆಲಸ ಇರೋದು ಮೊದಲ ಎರಡರಲ್ಲಿ.

ಹತ್ತನೇ ತರಗತಿಯ ‘ರಾಸಾಯನಿಕ ಕ್ರಿಯೆಗಳು ಮತ್ತು ಸಮೀಕರಣಗಳು’ ಅಧ್ಯಾಯವನ್ನೇ ತಗೊಳ್ಳಿ. “ಮಕ್ಕಳಿಗೆ ಸಮೀಕರಣ ಸರಿದೂಗಿಸೋಕೆ ಬರಲ್ಲ” ಅನ್ನೋದು ದೂರು, ಸಮಸ್ಯೆ ಅಲ್ಲ. ಪಕ್ಕದಲ್ಲಿ ಕೂತು, ಪೆನ್ಸಿಲ್ ಎಲ್ಲಿ ನಿಲ್ಲುತ್ತೆ ಅಂತ ನೋಡಿ. ಎಷ್ಟೋ ಸಲ ಗೊಂದಲ ಇಷ್ಟೇ: ಅಣುಸೂತ್ರದ ಮುಂದಿರೋ ದೊಡ್ಡ ಎರಡಕ್ಕೂ, ಕೆಳಗೆ ಕೂತಿರೋ ಪುಟ್ಟ ಎರಡಕ್ಕೂ ಏನು ವ್ಯತ್ಯಾಸ?

ಈಗ ಅಡುಗೆಮನೆಗೆ ಬನ್ನಿ. ಹೆಸರುಕಾಳು ಹೈಡ್ರೋಜನ್, ಕಡಲೆಕಾಳು ಆಕ್ಸಿಜನ್. ಎರಡೂ ಜೋಡಿಯಾಗಿಯೇ ಬರಬೇಕು, ಅದೇ ಆಟದ ನಿಯಮ. ನೀರು ಅಂದ್ರೆ ಒಂದು ಕಡಲೆಗೆ ಎರಡು ಹೆಸರು. ಒಂದೊಂದು ಜೋಡಿ ತಂದು ಸೇರಿಸಿದ್ರೆ ಒಂದು ಕಡಲೆ ಉಳಿಯುತ್ತೆ. ಉಳಿದದ್ದನ್ನೂ ಅದಕ್ಕೇ ಅಂಟಿಸೋಣ ಅನ್ಸುತ್ತೆ. ಆಗ ಸಿಗೋದು ನೀರಲ್ಲ, ಕೂದಲು ಬ್ಲೀಚ್ ಮಾಡೋ ಹೈಡ್ರೋಜನ್ ಪೆರಾಕ್ಸೈಡ್! ಪುಟ್ಟ ಎರಡನ್ನು ಮುಟ್ಟಿದ್ರೆ ವಸ್ತುವೇ ಬದಲು. ಇನ್ನೊಂದು ಜೋಡಿ ಹೆಸರುಕಾಳು ತನ್ನಿ, ಎರಡು ನೀರಿನ ಅಣು ರೆಡಿ. ಆ ದೊಡ್ಡ ಎರಡು ಬಂದಿದ್ದು ಹೀಗೆ. (ನಮ್ಮ ಕಡೆಯ ಭಾಷೇಲಿ ಹೇಳೋದಾದ್ರೆ, ತಾಳೆ ಆಗ್ಲಿಲ್ಲ ಅಂತ ಬಿಲ್ಲನ್ನೇ ತಿದ್ದೋ ಹಾಗಿಲ್ಲ.)

ಕಾಳು ಎಲ್ಲಾನೂ ಹೇಳಲ್ಲ. ಕ್ರಿಯೆ ಶುರುವಾಗೋಕೆ ಕಿಡಿ ಯಾಕೆ ಬೇಕು ಅನ್ನೋದಕ್ಕೆ ಬೇರೆ ಪಾಠ. ಎಸ್ಸೆಸ್ಸೆಲ್ಸಿ ಪೋರ್ಷನ್ ಮುಗಿಸೋ ಅವಸರದಲ್ಲಿ ಟೀಚರ್‌ಗೆ ಇದಕ್ಕೊಂದು ಪಿರಿಯಡ್ ಬಿಡೋದೂ ಸುಲಭ ಅಲ್ಲ. ಆದ್ರೆ ಇಲ್ಲಿ ಎಡವಿದ ಹುಡುಗಿ ಮುಂದಿನ ಸಮೀಕರಣಗಳನ್ನೆಲ್ಲ ಬಾಯಿಪಾಠ ಮಾಡ್ತಾಳೆ, ಪಿಯುಸಿ ಹೊತ್ತಿಗೆ “ಸೈನ್ಸ್ ನನಗಲ್ಲ” ಅಂತ ತಾನೇ ತೀರ್ಮಾನಿಸ್ತಾಳೆ. ಇಷ್ಟಪಟ್ಟು ಕಾಮರ್ಸ್‌ಗೆ ಬಂದ್ರೆ ಸ್ವಾಗತ. ಹೆದರಿ ಬರೋದು ಬೇರೆ.

ಐದನೇ ಹಂತ ನಿಮಗೆ ಬಿಟ್ಟಿದ್ದು. ಮೀಥೇನ್ ಉರಿದು ಕಾರ್ಬನ್ ಡೈಆಕ್ಸೈಡ್, ನೀರು ಆಗಬೇಕು. ಕಾರ್ಬನ್‌ಗೆ ಒಂದು ಮೆಣಸುಕಾಳು. ಆಕ್ಸಿಜನ್ ಜೋಡಿ ಎಷ್ಟು ಬೇಕು ಅಂತ ಮನೇಲಿರೋ ತಮ್ಮನನ್ನೋ ತಂಗಿಯನ್ನೋ ಕೇಳಿ. ಅವರು ಜೋಡಿಸುವಾಗ ಮಧ್ಯೆ ಬಾಯಿ ಹಾಕ್ಬೇಡಿ, ಕೈ ಎಲ್ಲಿ ತಡೆಯುತ್ತೆ ಅಂತ ಮಾತ್ರ ನೋಡಿ.